ಪೋರ್ಚುಗೀಸ್ ಎಂಬುದು ದೇಶದ ಹೆಸರಲ್ಲ

ಮಾನ್ಯ ಸಂಪಾದಕರೇ,

ವಾಸ್ಕೋ ಡ ಗಾಮ ‘ಪೋರ್ಚುಗೀಸ್ ದೇಶದಿಂದ’ ಬಂದ ಎಂಬ ಮಾತು ಮಕ್ಕಳ ಉತ್ತರಪತ್ರಿಕೆಯಲ್ಲಷ್ಟೇ ಅಲ್ಲ, ದೊಡ್ಡವರ ಬರವಣಿಗೆಯಲ್ಲೂ ಜಾಸ್ತಿ ಕಾಣುತ್ತಿದೆ. ದೇಶದ ಹೆಸರು ಪೋರ್ಚುಗಲ್. ಪೋರ್ಚುಗೀಸ್ ಎಂದರೆ ಅಲ್ಲಿನ ಜನ, ಅವರ ಭಾಷೆ. ಗೋವಾವನ್ನು 1510ರಿಂದ 1961ರವರೆಗೆ ಆಳಿದವರು, ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿ ನಿಂತವರು ಇವರೇ. ನಮ್ಮ ಕರಾವಳಿಯ ಚರಿತ್ರೆಯಲ್ಲಿ ಇಷ್ಟು ಸಲ ಬರುವ ಹೆಸರನ್ನು ಸರಿಯಾಗಿ ಬರೆಯಬೇಕಲ್ವಾ?

ಈ ಹೆಸರಿನ ಹುಟ್ಟು ಸೊಗಸಾಗಿದೆ. ಡೌರೊ ನದಿ ಅಟ್ಲಾಂಟಿಕ್ ಸೇರುವ ಅಳಿವೆಯ ಹತ್ತಿರ, ಈಗಿನ ಪೋರ್ಟೊ ನಗರ ಇರುವ ಕಡೆ, ರೋಮನ್ನರ ಕಾಲದಲ್ಲಿ ‘ಕಾಲೆ’ ಎಂಬ ಊರಿತ್ತು. ಲ್ಯಾಟಿನ್‌ನಲ್ಲಿ ಬಂದರಿಗೆ ‘ಪೋರ್ಟಸ್’ ಎನ್ನುತ್ತಾರೆ. ಹಾಗಾಗಿ ಅದು ‘ಪೋರ್ಟಸ್ ಕಾಲೆ’ ಆಯಿತು. ‘ಕಾಲೆ’ ಎಲ್ಲಿಂದ ಬಂತು ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. 868ರಲ್ಲಿ ವಿಮಾರಾ ಪೆರೆಸ್ ಎಂಬ ಸರದಾರ ಆ ಊರನ್ನು ಗೆದ್ದ ಮೇಲೆ ಸುತ್ತಲಿನ ಸೀಮೆಗೂ ಅದೇ ಹೆಸರು ಹಬ್ಬಿತು, ಅದೇ ಮುಂದೆ ಪೋರ್ಚುಗಲ್ ಆಯಿತು. 1143ರಲ್ಲಿ ಜಮೋರಾ ಒಪ್ಪಂದವಾಗಿ ಆ ಸೀಮೆಯನ್ನು ಆಳುತ್ತಿದ್ದ ಅಫೊನ್ಸೊ ಹೆನ್ರಿಕೆಸ್‌ನನ್ನು ನೆರೆಯ ದೊರೆ ರಾಜನೆಂದು ಒಪ್ಪಿಕೊಂಡ. ಲಿಸ್ಬನ್ ಅವನ ಕೈಗೆ ಬಂದದ್ದು ಆಮೇಲೆ, 1147ರಲ್ಲಿ. ಅಂದರೆ ದೇಶಕ್ಕೆ ಹೆಸರು ಕೊಟ್ಟಿದ್ದು ಇಂದಿನ ರಾಜಧಾನಿಯಲ್ಲ, ಉತ್ತರದ ಒಂದು ಬಂದರು. ಪೋರ್ಟ್ ವೈನ್‌ಗೂ ಹೆಸರು ಬಂದದ್ದು ಆ ಪೋರ್ಟೊದಿಂದಲೇ.

ಪೋರ್ಚುಗೀಸ್ ಎಂಬ ರೂಪದ ಕೊನೆಯಲ್ಲಿರುವುದು ‘ಆ ಊರಿನವರು’ ಎಂದು ಹೇಳುವ ಲ್ಯಾಟಿನ್ ಪ್ರತ್ಯಯ. ಕನ್ನಡಿಗ ಎನ್ನುವಾಗಿನ ‘ಇಗ’ ಇದ್ದ ಹಾಗೆ. ಅದರ ಮುಂದೆ ‘ದೇಶ’ ಎಂದು ಸೇರಿಸಿದರೆ ಕನ್ನಡಿಗ ರಾಜ್ಯ ಎಂದಂತಾಗುತ್ತದೆ.

ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಸಿಹಿ ಕಿತ್ತಳೆಯನ್ನು ಪೋರ್ಚುಗೀಸ್ ವ್ಯಾಪಾರಿಗಳು ಹಬ್ಬಿಸಿದ್ದರಿಂದ ಆ ಹಣ್ಣಿಗೆ ಅರಬ್ಬಿಯಲ್ಲಿ ‘ಬುರ್ತುಕಾಲ್’, ತುರ್ಕಿಯಲ್ಲಿ ‘ಪೋರ್ತಕಾಲ್’, ಗ್ರೀಕಿನಲ್ಲಿ ‘ಪೋರ್ತೊಕಾಲಿ’ ಎನ್ನುತ್ತಾರೆ. ನಮ್ಮವರು ಮಾತ್ರ ಅವರನ್ನು ‘ಪರಂಗಿಯವರು’ ಎಂದರು. ಅದು ಫ್ರಾಂಕ್ ಎಂಬ ಜನರ ಹೆಸರಿನಿಂದ ಬಂದದ್ದು, ಯುರೋಪಿನವರಿಗೆಲ್ಲ ಅಂಟಿಕೊಂಡಿತು. ಅವರ ಹಡಗುಗಳಲ್ಲಿ ಬಂದ ಪಪ್ಪಾಯಿ ನಮ್ಮಲ್ಲಿ ಪರಂಗಿ ಹಣ್ಣಾಯಿತು.

ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್‌ಗಳಲ್ಲೂ ಪೋರ್ಚುಗೀಸ್ ಅಧಿಕೃತ ಭಾಷೆ. ‘ಪೋರ್ಚುಗೀಸ್ ದೇಶ’ ಎಂದರೆ ಓದುವವರು ಯಾವುದೆಂದು ತಿಳಿಯಬೇಕು? ದಯವಿಟ್ಟು ನಿಮ್ಮ ಪತ್ರಿಕೆಯಲ್ಲಾದರೂ ದೇಶಕ್ಕೆ ಪೋರ್ಚುಗಲ್, ಜನರಿಗೆ ಪೋರ್ಚುಗೀಸರು ಎಂದೇ ಅಚ್ಚಾಗಲಿ. ಪಠ್ಯಪುಸ್ತಕ ಬರೆಯುವವರೂ ಗೋವಾದ ಪಾಠದ ಜೊತೆ ಪೋರ್ಟಸ್ ಕಾಲೆಯ ಬಗ್ಗೆ ಎರಡು ಸಾಲು ಸೇರಿಸಲಿ.

— ಓದುಗರೊಬ್ಬರು, ಮಂಗಳೂರು