ಜಪಾನಿಗೆ ಹೋದ್ರೆ ದಿನಸಿ ಅಂಗಡಿಗೂ ಒಂದ್ ಸುತ್ತು ಹೋಗ್ಬನ್ನಿ

ಮಾನ್ಯ ಸಂಪಾದಕರೇ,

ಪೇಪರಲ್ಲಿ ಜಪಾನ್ ಪ್ರವಾಸದ ಬರಹ ಬಂದಾಗೆಲ್ಲಾ ಅದೇ ಫ್ಯೂಜಿ ಬೆಟ್ಟ, ಅದೇ ಬುಲೆಟ್ ಟ್ರೈನು, ಅದೇ ಚೆರ್ರಿ ಹೂವು, ಕೊನೇಲಿ ಒಂದು ಸಾಲು, ಸಸ್ಯಾಹಾರಿಗಳಿಗೆ ಕಷ್ಟ, ಅವಲಕ್ಕಿ ಚಟ್ನಿಪುಡಿ ಕಟ್ಕೊಂಡ್ ಹೋಗಿ ಅಂತ. ನಾನೂ ಕಟ್ಕೊಂಡೇ ಹೋಗಿದ್ದೆ, ಸುಳ್ಳು ಯಾಕೆ ಹೇಳ್ಲಿ. ಮಗ ಸೊಸೆ ಇರೋದು ಟೋಕಿಯೋಲಿ, ಅವರ ಜೊತೆ ಮೂರು ತಿಂಗಳು ಇದ್ದು ಬಂದೆ. ಇಬ್ರೂ ಬೆಳಿಗ್ಗೆ ಆಫೀಸಿಗೆ ಹೋದ್ರೆ ನಂಗೆ ಮಾತಾಡೋಕೆ ಗೋಡೆ ಬಿಟ್ರೆ ಯಾರೂ ಇಲ್ಲ, ಹಂಗಾಗಿ ಮನೆ ಹತ್ರದ ಸೂಪರ್‌ಮಾರ್ಕೆಟ್ಟಿಗೆ ಹೋಗೋಕೆ ಶುರು ಮಾಡ್ದೆ, ಮೊದ್ಲು ಹೊತ್ತು ಕಳೆಯೋಕೆ, ಆಮೇಲೆ ಅದೇ ಒಂದು ಚಟ ಆಗೋಯ್ತು.

ಅಲ್ಲಿ ಏನೂ ತಗೊಳ್ದೆ ಒಂದು ಗಂಟೆ ಸುತ್ತಿದ್ರೂ ಯಾರೂ ಏನ್ ಬೇಕಮ್ಮಾ ಅಂತ ಬೆನ್ನಿಗೆ ಬೀಳಲ್ಲ. ಒಳಗೆ ಕಾಲಿಟ್ಟಾಗ 'ಇರಾಶ್ಶೈಮಾಸೆ', ಅಂದ್ರೆ ಬನ್ನಿ ಬನ್ನಿ ಅಂತಾರೆ, ಅದಕ್ಕೆ ತಿರುಗಿ ಏನೂ ಹೇಳ್ಬೇಕಿಲ್ಲ, ನಾನು ಎರಡು ವಾರ ಕೈ ಮುಗೀತಿದ್ದೆ ಅದು ಬೇರೆ ವಿಷ್ಯ.

ಮೊದಲು ಮನಸ್ಸಿಗೆ ಹತ್ತಿದ್ದು ತೋಫು, ಅಂದ್ರೆ ಸೋಯಾ ಹಾಲಿನ ಪನೀರಿನ ಸಾಲು. ಒಂದು ಗೋಡೆ ಪೂರ್ತಿ ತೋಫುನೇ, ಅದ್ರಲ್ಲಿ ಎರಡು ದೊಡ್ಡ ಜಾತಿ, ಮೊಮೆನ್ ಮತ್ತೆ ಕಿನು, ಅಂದ್ರೆ ಹತ್ತಿ ಮತ್ತೆ ರೇಷ್ಮೆ! ಗಟ್ಟಿಯಾಗಿ ಒರಟಾಗಿ ಇರೋದು ಹತ್ತಿ, ಬಾಯಲ್ಲಿಟ್ರೆ ಜಾರಿ ಹೋಗೋದು ರೇಷ್ಮೆ. ಸೀರೆ ಅಂಗಡಿ ಬಿಟ್ಟು ಬಂದ್ರೂ ಸೀರೆ ಅಂಗಡಿ ನನ್ನ ಬಿಡ್ಲಿಲ್ಲ ಅಂತ ನಕ್ಕೆ. ಪಲ್ಯಕ್ಕೆ ಹತ್ತೀನೇ ಸರಿ, ರೇಷ್ಮೆ ಹಾಕಿದ್ರೆ ಬಾಣಲೇಲಿ ಪುಡಿಯಾಗುತ್ತೆ, ಇದು ಕೈ ಸುಟ್ಕೊಂಡು ಕಲ್ತಿದ್ದು.

ಆಮೇಲೆ ಸಿಹಿ ಇಡೋ ಕಡೆ. ದೈಫುಕು ಅಂತ ಬೆಳ್ಳಗೆ ಉಂಡೆ, ಮೇಲೆ ಜಿಗುಟು ಅಕ್ಕಿ ಹಿಟ್ಟು, ಒಳಗೆ ಅಜುಕಿ ಅನ್ನೋ ಕೆಂಪು ಕಾಳು ಬೇಯಿಸಿ ಸಕ್ಕರೆ ಹಾಕಿ ಗೋಟಾಯಿಸಿದ್ದು, ನಮ್ಮ ಹೂರಣ ಕಣ್ರೀ, ಏಲಕ್ಕಿ ಒಂದಿಲ್ಲ ಅಷ್ಟೇ. ಇದ್ರಲ್ಲೂ ನಯವಾಗಿ ರುಬ್ಬಿದ್ದಕ್ಕೆ ಕೊಶಿಅನ್, ಕಾಳು ಕಾಳಾಗಿ ಬಿಟ್ಟಿದ್ದಕ್ಕೆ ತ್ಸುಬುಅನ್ ಅಂತ ಬೇರೆ ಬೇರೆ ಹೆಸರು, ಜನ ಇದರ ಮೇಲೆ ಪಕ್ಷ ಕಟ್ಕೊಂಡು ವಾದ ಮಾಡ್ತಾರಂತೆ. ನಂದು ತ್ಸುಬುಅನ್ ಪಕ್ಷ.

ಎಡವಿದ್ದೂ ಹೇಳ್ಬಿಡ್ತೀನಿ. ಅಕ್ಕಿ ನಿಪ್ಪಟ್ಟಿನ ಥರ ಸೆನ್‌ಬೆ ಅಂತ ಬರುತ್ತೆ, ಗರಿಗರಿಯಾಗಿತ್ತು, ಮಧ್ಯಾಹ್ನ ಟೀ ಜೊತೆ ಅರ್ಧ ಪ್ಯಾಕೆಟ್ ಖಾಲಿ ಮಾಡ್ದೆ, ಸಂಜೆ ಸೊಸೆ ನೋಡಿ "ಅತ್ತೆ, ಇದು ಎಬಿ, ಸಿಗಡಿ ಹಾಕಿರೋದು" ಅಂದ್ಲು. ಅವತ್ತು ರಾತ್ರಿ ಊಟ ಇಲ್ಲ. ಮಾರನೇ ದಿನ ಅವಳೇ ಒಂದು ಚೀಟೀಲಿ ಎಬಿ, ನಿಕು (ಮಾಂಸ), ಸಕಾನಾ (ಮೀನು), ಕಾತ್ಸುಓ (ಒಂದು ಜಾತಿ ಮೀನು) ಅಂತ ಜಪಾನಿ ಅಕ್ಷರದಲ್ಲಿ ಬರ್ಕೊಟ್ಲು, ನಾನು ಅದನ್ನ ಹಿಡ್ಕೊಂಡು ಪ್ಯಾಕೆಟ್ಟಿನ ಹಿಂದೆ ಹೊಂದಿಸಿ ಬರೆಯಿರಿ ಆಡ್ತಾ ಕೂತೆ. ಅಲರ್ಜಿ ಪಟ್ಟೀಲಿ ಸಿಗಡಿ, ಏಡಿ, ಮೊಟ್ಟೆ, ಹಾಲು, ಗೋಧಿ, ಕಡ್ಲೇಕಾಯಿ ಇಂಥವನ್ನ ಹಾಕ್ಲೇಬೇಕು ಅಂತ ಕಾನೂನಿದೆ, ಆದ್ರೆ ಕಾತ್ಸುಓ ಮೀನು ಆ ಕಡ್ಡಾಯದ ಪಟ್ಟೀಲಿಲ್ಲ. ಹೊಗೆ ಹಾಕಿ ಒಣಗಿಸಿ ಮರದ ಚಕ್ಕೆ ಥರ ತುರಿದ ಆ ಮೀನು ಸಾರಿನ ಪುಡೀಲಿ, ಸಾಸಲ್ಲಿ, ಉಪ್ಪಿನಕಾಯೀಲಿ ಕೂಡ ಬಂದು ಕೂತಿರುತ್ತೆ, ಅದಕ್ಕೇ ಪದಾರ್ಥಗಳ ಸಾಲು ಪೂರ್ತಿ ಓದ್ಬೇಕು. ಸಸ್ಯಾಹಾರಿಗಳಿಗೆ ದಾರಿ ಅಂದ್ರೆ ಕೊಂಬು ಅನ್ನೋ ಸಮುದ್ರದ ಪಾಚಿ, ಒಣಗಿದ ಚರ್ಮದ ಪಟ್ಟಿ ಥರ ಇರುತ್ತೆ, ನೋಡೋಕೆ ಚೆಂದ ಇಲ್ಲ, ಆದ್ರೆ ನೀರಲ್ಲಿ ನೆನೆಸಿಟ್ರೆ ಸಾರಿಗೆ ಬರೋ ರುಚಿಯೇ ಬೇರೆ. 1908ರಲ್ಲಿ ಇಕೆದಾ ಅನ್ನೋ ವಿಜ್ಞಾನಿ ಉಮಾಮಿ ಅಂತ ಹೆಸರಿಟ್ಟಿದ್ದು ಈ ಕೊಂಬು ಸಾರಿನ ರುಚಿಗೇನೇ.

ಕುಡಿಯೋ ಸಾಲಲ್ಲಿ ಕಾಲ್ಪಿಸ್ ಅಂತ ಬಿಳೀ ಬಾಟ್ಲಿ, ಮಜ್ಜಿಗೆಗೆ ಸಕ್ಕರೆ ಹಾಕಿದಂಗೆ. 1919ರಿಂದ ಇದೆಯಂತೆ. ಹೆಸರು ಎಲ್ಲಿಂದ ಬಂತು ಗೊತ್ತಾ, ಕ್ಯಾಲ್ಸಿಯಂನ ಕಾಲ್ ಮತ್ತೆ ಸಂಸ್ಕೃತದ ಸರ್ಪಿಸ್, ಅಂದ್ರೆ ತುಪ್ಪ! ಅಷ್ಟು ದೂರ ಹೋಗಿ ಅಂಗಡಿ ಶೆಲ್ಫಲ್ಲಿ ಸಂಸ್ಕೃತ ಸಿಗುತ್ತೆ ಅಂತ ಯಾರಿಗೆ ಗೊತ್ತಿತ್ತು. ಪಕ್ಕದಲ್ಲೇ ರಾಮುನೆ, ನಮ್ಮ ಗೋಲಿ ಸೋಡಾದ ಅಣ್ಣನೋ ತಮ್ಮನೋ, ಅದೇ ಗೋಲಿ ಅದೇ ಕತ್ತು.

ಬೆಲೆ ಚೀಟಿ ಬಗ್ಗೆ ಹುಷಾರು. 98 ಯೆನ್ ಅಂತ ದಪ್ಪಕ್ಕೆ ಬರೆದಿರುತ್ತೆ, ಕೆಳಗೆ ಚಿಕ್ಕದಾಗಿ 105, ಕೊಡ್ಬೇಕಾಗಿರೋದು ಆ 105ನ್ನ, ಯಾಕಂದ್ರೆ ಮನೆಗೆ ಒಯ್ಯೋ ತಿಂಡಿಗೆ 8 ಪರ್ಸೆಂಟ್ ತೆರಿಗೆ. ಅದನ್ನೇ ಅಂಗಡೀಲೇ ಕೂತು ತಿಂದ್ರೆ 10. ಉಮಾಯ್ಬೊ ಅಂತ ಮಕ್ಕಳ ಜೋಳದ ಕುರುಕಲು ಒಂದಿದೆ, 1979ರಲ್ಲಿ ಬಂದಿದ್ದು, ನಲವತ್ತು ವರ್ಷಕ್ಕೂ ಹೆಚ್ಚು ಕಾಲ 10 ಯೆನ್ನೇ ಇತ್ತಂತೆ, 2022ರಲ್ಲಿ 12, 2024ರಲ್ಲಿ 15. ಮಗ ಇದನ್ನ ಸೂತಕದ ಸುದ್ದಿ ಥರ ಹೇಳ್ದ.

ಹೋಗೋದಾದ್ರೆ ರಾತ್ರಿ ಎಂಟರ ಹತ್ರ ಹೋಗಿ. ಒಬ್ರು ಬಂದು ಉಳಿದ ಡಬ್ಬಿ ಊಟಗಳ ಮೇಲೆ ಹಾಂಗಾಕು, ಅರ್ಧ ಬೆಲೆ ಅಂತ ಸ್ಟಿಕ್ಕರ್ ಅಂಟಿಸ್ತಾರೆ. ಅದಕ್ಕೆ ಹತ್ತು ನಿಮಿಷ ಮುಂಚೆಯಿಂದ ಸೂಟು ಬೂಟು ಹಾಕ್ಕೊಂಡೋರು, ಅಜ್ಜೀರು ಎಲ್ಲಾ ಪಕ್ಕದ ಸಾಲಲ್ಲಿ ಸೋಯಾ ಸಾಸ್ ಬಾಟ್ಲಿ ಎತ್ತಿ ಓದ್ತಾ ನಿಂತಿರ್ತಾರೆ, ಕಣ್ಣು ಮಾತ್ರ ಈ ಕಡೆ. ಯಾರೂ ನುಗ್ಗಲ್ಲ, ಯಾರೂ ಬಿಡೋದೂ ಇಲ್ಲ. ಮೂರನೇ ವಾರಕ್ಕೆ ನಾನೂ ಸೋಯಾ ಸಾಸ್ ಓದ್ತಿದ್ದೆ, ಒಂದಕ್ಷರ ಬರ್ದೇ ಇದ್ರೂ.

ಕೊನೇದಾಗಿ ಟೀ ಬಾಟ್ಲಿ. ಓಯ್ ಓಚಾ ಅಂತ ಹೆಸರು, ಅರ್ಥ 'ಏಯ್, ಟೀ!' ಅಂತ, ನಮ್ಮೆಜಮಾನ್ರು ನಡುಮನೇಲಿ ಕೂತು ಕರೆಯೋ ಥರಾನೇ. ಅದರ ಮೇಲೆ ಒಂದೊಂದು ಹೈಕು ಅಚ್ಚು ಹಾಕಿರ್ತಾರೆ, ಕವಿಗಳದಲ್ಲ, ಮಾಮೂಲಿ ಜನ ಸ್ಪರ್ಧೆಗೆ ಬರೆದು ಕಳಿಸಿದ್ದು, 1989ರಿಂದ ನಡೀತಿದೆ. ನೀವು ನನ್ನ ಪದ್ಯ ಸ್ಥಳಾಭಾವ ಅಂತ ಎರಡು ಸಲ ವಾಪಸ್ ಕಳಿಸಿದ್ದೀರಿ, ಅಲ್ಲಿ ಟೀ ಬಾಟ್ಲೀಲೇ ಜಾಗ ಮಾಡ್ಕೊಟ್ಟಿದ್ದಾರೆ ನೋಡಿ. ಇರ್ಲಿ. ಪತ್ರ ಉದ್ದ ಆಯ್ತು ಅಂತ ಕತ್ತರಿ ಹಾಕೋದಾದ್ರೆ ಮೇಲಿನ ಫ್ಯೂಜಿ ಬೆಟ್ಟ ಕತ್ತರಿಸಿ, ತೋಫು ಮುಟ್ಬೇಡಿ.

ಇಂತಿ,
ನಿಮ್ಮ ಹಳೇ ಓದುಗಳು