ಕೆಂಪು ವೈರು ಯಾವ ಕಡೆ?

ಮಾನ್ಯರೆ,

ಭಾನುವಾರ ತಾವು ಹಾಕಿದ ‘ಕರೆಂಟು ಕೊಟ್ಟರೆ ನರ ಚಿಗುರುತ್ತದೆ’ ವರದಿ ಓದಿ ನಮ್ಮಣ್ಣ ಸೋಮವಾರ ಬೆಳಿಗ್ಗೆಯೇ ಅದರಲ್ಲಿ ಹೇಳಿದ್ದ ಕರೆಂಟು ಚಿಕಿತ್ಸೆಯ ಶಿಬಿರಕ್ಕೆ ಹೊರಟು ನಿಂತರು. 2 ವರ್ಷದಿಂದ ಅವರ ಬಲ ಹಿಮ್ಮಡಿ ಮರಗಟ್ಟಿದೆ. ಕರೆದೊಯ್ಯುವ ಭಾಗ್ಯ ನನ್ನದು. 3 ತಾಸು ಸರದಿ, ಕೂರಲು ಬೆಂಚಿಲ್ಲ, ನಮ್ಮ ಟೋಕನ್ ಬರುವ ಹೊತ್ತಿಗೆ ಕರೆಂಟೇ ಹೋಯಿತು!

ಅದು ಬಂದ ಮೇಲೆ ಹುಡುಗನೊಬ್ಬ ಕೆಂಪು ವೈರಿನ ಪಟ್ಟಿಯನ್ನು ಹಿಮ್ಮಡಿಗೆ, ಕಪ್ಪನ್ನು ಮೊಣಕಾಲಿಗೆ ಬಿಗಿದ. ಪಕ್ಕದವರಿಗೆ ತಿರುಗಾಮುರುಗಾ. ಯಾಕಪ್ಪಾ ಎಂದರೆ, “ಯಾವ ಕಡೆ ಹಾಕಿದ್ರೂ ಒಂದೇ ಸಾರ್.” 30 ವರ್ಷ ಜೀವಶಾಸ್ತ್ರ ಪಾಠ ಹೇಳಿದವನಿಗೆ ಮೈ ಉರಿಯದೆ ಇರುತ್ತದೆಯೇ? ಇಡೀ ವಿದ್ಯೆಯೇ ದಿಕ್ಕಿನದು. 1979ರಲ್ಲಿ ಜಾಫೆ ಮತ್ತು ಪೂ ಎಂಬ ವಿಜ್ಞಾನಿಗಳು ಕೋಳಿ ಭ್ರೂಣದ ನರಗಂಟನ್ನು, ಅಂದರೆ ನರಕೋಶಗಳ ಗೊಂಚಲನ್ನು, ತಟ್ಟೆಯಲ್ಲಿಟ್ಟು ಕರೆಂಟು ಹಾಯಿಸಿ ಬೆಳೆಸಿದಾಗ ನರದ ಎಳೆಗಳು ಋಣಧ್ರುವದ, ಅಂದರೆ ಕಪ್ಪು ವೈರಿನ, ಕಡೆಗೇ ಬೇಗ ಬೆಳೆದವು. 1981ರಲ್ಲಿ ಕಪ್ಪೆಯ ನರಕೋಶದ ಎಳೆಗಳು ಅತ್ತಲೇ ಬಾಗಿದವು. ಮಿಲಿಮೀಟರಿಗೆ ಸುಮಾರು 7 ಮಿಲಿವೋಲ್ಟ್ ಸಾಕಾಗಿತ್ತು, ಆದರೆ ಒಂದೇ ದಿಕ್ಕಿಗೆ, ಗಂಟೆಗಟ್ಟಲೆ. ತಟ್ಟೆಯ ತಳಕ್ಕೆ ಬಳಿದ ಲೇಪ ಬದಲಾದರೆ ಅದೇ ಕಪ್ಪೆಯ ಎಳೆ ಧನಧ್ರುವಕ್ಕೆ ಹೊರಳುವುದೂ ಉಂಟು. ಬೆನ್ನುಹುರಿಗೆ ಪೆಟ್ಟಾದ 10 ಜನರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 15 ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿದ್ದರು, ನಿಜ. ಮೇಲಕ್ಕೆ ಹೋಗುವ ಎಳೆಯೂ ಕೆಳಕ್ಕೆ ಬರುವ ಎಳೆಯೂ ಬೆಳೆಯಲೆಂದು ಲೆಕ್ಕ ಹಾಕಿ ಬದಲಿಸಿದ್ದು ಅದು. ಅದೂ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಕೂರಿಸಿದ ಯಂತ್ರ, ಕಾಲಿಗೆ ಸುತ್ತುವ ಪಟ್ಟಿಯಲ್ಲ. ತಮ್ಮ ವರದಿಯಲ್ಲಿ ತಟ್ಟೆಯೂ ಇಲ್ಲ, ಕಪ್ಪೆಯೂ ಇಲ್ಲ; ಶಿಬಿರದ ವಿಳಾಸ ಮಾತ್ರ ದಪ್ಪಕ್ಷರದಲ್ಲಿದೆ.

ಅಣ್ಣನಿಗೆ ಸಿಕ್ಕಿದ್ದು ಹಿಮ್ಮಡಿಯ ಮೇಲೆ ನಾಣ್ಯದಗಲ ಒಂದು ಬರೆ. ಮರಗಟ್ಟಿದ ಕಾಲು, ಸುಟ್ಟಿದ್ದೇ ಗೊತ್ತಾಗಲಿಲ್ಲ. ರಾತ್ರಿ ಕಾಲುಚೀಲ ಬಿಚ್ಚುವಾಗ ಅತ್ತಿಗೆ ನೋಡಿ ಕೂಗಿಕೊಂಡರು. ಆ ಬೈಗುಳವೂ ನನಗೇ.

ಅನುಮತಿ ಕೊಟ್ಟವರು ಯಾರೆಂದು ಕೇಳಲು ಆರೋಗ್ಯಾಧಿಕಾರಿಗಳ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮರುದಿನವೂ ಮೀಟಿಂಗು. ಹೋದ ವರ್ಷ ಆ ಶಿಬಿರದ ಬೀದಿಯ ಚರಂಡಿಗೆ ಕೊಟ್ಟ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಹಿಂಬರಹ ಬರಲು 11 ತಿಂಗಳು ಹಿಡಿಯಿತು. ಚರಂಡಿ ಈಗಲೂ ಹಾಗೇ ಇದೆ, ಮೊನ್ನೆ ಅಣ್ಣನನ್ನು ಅದನ್ನು ದಾಟಿಸುವಷ್ಟರಲ್ಲಿ ನನ್ನ ಚಪ್ಪಲಿ ಅದರ ಪಾಲಾಯಿತು. ಕಪ್ಪೆಯ ನರಕ್ಕೆ 7 ಮಿಲಿವೋಲ್ಟ್ ಸಾಕು, ಇವರ ಫೈಲಿಗೆ ಎಷ್ಟು ಬೇಕೋ!

ಶಿಬಿರ ಮುಚ್ಚಿಸಲಿ. ಇಲ್ಲವೇ ಕೆಂಪು ಕಪ್ಪಿನ ವ್ಯತ್ಯಾಸ ತಿಳಿದವರನ್ನಾದರೂ ಕೂರಿಸಲಿ. ಚರಂಡಿಯನ್ನೂ ಯಾರಾದರೂ ನೋಡಲಿ. ಸಂಬಳ ಎಣಿಸುವುದಕ್ಕೇ ಇದ್ದಾರೆಯೇ ಇವರೆಲ್ಲ?

– ನೊಂದ ನಿವೃತ್ತ ಅಧ್ಯಾಪಕ