ಗೋಧಿಗೂ ಹೈಬ್ರಿಡ್ ಬಂದರೆ?

ಮಾನ್ಯ ಸಂಪಾದಕರೇ,

ಹೈಬ್ರಿಡ್ ಗೋಧಿಯ, ಅಂದರೆ ಎರಡು ಬೇರೆ ತಳಿ ಕೂಡಿಸಿ ಮಾಡಿದ ಗೋಧಿ ಬೀಜದ ಮಾತು ಮತ್ತೆ ಕೇಳಿಬರುತ್ತಿದೆ. ನಮ್ಮ ಶಿಕಾರಿಪುರದ ಕಡೆ ಗೋಧಿ ಬೆಳೆಯುವವರನ್ನು ನಾನಂತೂ ಕಂಡಿಲ್ಲ, ಚಪಾತಿ ಮಾತ್ರ ದಿನಾ ಬೇಕು! ಆದರೆ ಹೈಬ್ರಿಡ್ ಅಂದರೇನು ಅಂತ ಮೆಕ್ಕೆಜೋಳ ನಮಗೆ ಚೆನ್ನಾಗಿ ಕಲಿಸಿದೆ. ಒಂದು ವರ್ಷ ದುಡ್ಡು ಉಳಿಸೋಣ ಅಂತ ಹೊಸ ಬೀಜ ಕೊಳ್ಳದೆ, ಹಿಂದಿನ ಹೈಬ್ರಿಡ್ ಬೆಳೆಯಿಂದ ಮನೆಯಲ್ಲಿ ಉಳಿದಿದ್ದ ಕಾಳನ್ನೇ ಬಿತ್ತಿದ್ದೆ. ಒಂದು ಗಿಡ ಆಳೆತ್ತರ, ಪಕ್ಕದ್ದು ಸೊಂಟದೆತ್ತರ. ತೆನೆ ಸುಲಿದರೆ ಹಲ್ಲುದುರಿದ ಬಾಯಿ.

ಮೆಕ್ಕೆಜೋಳದಲ್ಲಿ ಗಂಡು ಹೂ, ಅಂದರೆ ಸೂಲಂಗಿ, ತುದಿಯಲ್ಲಿ, ತೆನೆ ನಡುವಿನಲ್ಲಿ. ಸೂಲಂಗಿ ಕಿತ್ತರೆ ಬೇರೆ ತಳಿಯ ಪರಾಗ ಕೂಡಿಸುವುದು ಸುಲಭ. ಗೋಧಿ ಹಾಗಲ್ಲ. ಒಂದೇ ಪುಟ್ಟ ಹೂವಿನೊಳಗೆ ಗಂಡೂ ಹೆಣ್ಣೂ ಇರುತ್ತವೆ, ಹೆಚ್ಚಾಗಿ ಹೂ ಅರಳುವ ಹೊತ್ತಿಗೇ ಮದುವೆ ಮುಗಿದಿರುತ್ತದೆ. ಹೀಗೆ ತನ್ನದೇ ಪರಾಗದಿಂದ ಕಾಳು ಕಟ್ಟಬಾರದು ಅಂದರೆ ಪರಾಗ ಹಾಳಾದ ಗಿಡ ಬೇಕು ಅಂತ ವಿಜ್ಞಾನಿಗಳು ಟಿಮೊಫೀವಿ ಎಂಬ ಗೋಧಿಯಿಂದ 1962ರಲ್ಲೇ ದಾರಿ ಕಂಡುಕೊಂಡರು. ಆದರೂ ಇವತ್ತಿಗೂ ಜಗತ್ತಿನ ಗೋಧಿ ಹೊಲಗಳಲ್ಲಿ ಹೈಬ್ರಿಡ್ ಶೇ 1ರಷ್ಟೂ ಇಲ್ಲ.

ಇನ್ನು ಖರ್ಚು. ಮೆಕ್ಕೆಜೋಳಕ್ಕೆ ಎಕರೆಗೆ ಸುಮಾರು 8 ಕೆ.ಜಿ. ಬೀಜ ಸಾಕು, ಗೋಧಿಗೆ 40 ಕೆ.ಜಿ. ಬೇಕು. ಇಳುವರಿ ಶೇ 10ರಷ್ಟು ಜಾಸ್ತಿ ಬಂದರೂ ಬೀಜದ ಬೆಲೆಯೇ ಅದನ್ನು ನುಂಗಿದರೆ ಏನು ಲಾಭ, ಅಲ್ವಾ? ಬರ, ಬಿಸಿಲು ತಡೆಯುವ ಗುಣ ಸಿಕ್ಕರೆ ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ಧಾರವಾಡ, ವಿಜಯಪುರದ ಮಳೆಯಾಶ್ರಿತ ರೈತರಿಗೆ ಬೇಕಿರುವುದೂ ಅದೇ. ಆದರೆ ಬೀಜದ ರೇಟು ಎಷ್ಟು, ಪ್ರತಿ ವರ್ಷ ಕೊಳ್ಳಲೇಬೇಕಾ ಅನ್ನುವುದನ್ನು ಮೊದಲೇ ಹೇಳಲಿ.

– ಒಬ್ಬ ಮೆಕ್ಕೆಜೋಳ ಬೆಳೆಗಾರ, ಶಿಕಾರಿಪುರ